ಹದಿಮೂರನೆಯ ಹೆಸರು

ನಮ್ಮ ಮನೆಯಲ್ಲಿ ಇರುವುದು ಒಂದೇ ಮೇಜು. ಬೆಳಿಗ್ಗೆ ಅದರ ಮೇಲೆ ತಿಂಡಿ, ಒಂಬತ್ತರಿಂದ ಅಮ್ಮನ ಬರವಣಿಗೆ, ಒಂದು ಗಂಟೆಗೆ ಅಜ್ಜಿಯ ಊಟ. ಅಮ್ಮ ಯಾವ ಪತ್ರಿಕೆಯಲ್ಲೂ ನೌಕರಿಯಲ್ಲಿಲ್ಲ. ನಾಟಕ, ಚಿತ್ರಪ್ರದರ್ಶನ, ಸಂಗೀತ ಅಂತ ಊರೆಲ್ಲ ಸುತ್ತಿ, ಕೇಳಿದವರಿಗೆ ಬರೆದುಕೊಡುತ್ತಾಳೆ. ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತು ವರ್ಷ ರಂಗದ ಮೇಲೆ ಕಳೆದ ಅಜ್ಜಿಗೆ ಇದು ಕೆಲಸ ಅಂತಲೇ ಅನ್ನಿಸಿರಲಿಲ್ಲ.

“ಕುಣಿಯೋರೂ ಅವರೇ, ಬೆವರು ಸುರಿಸೋರೂ ಅವರೇ. ಇವಳು ಕತ್ತಲಲ್ಲಿ ಕೂತು ಮಾರ್ಕು ಹಾಕ್ತಾಳೆ,” ಅನ್ನುತ್ತಿದ್ದಳು. ಗಡಿಯಾರದಲ್ಲಿ ಒಂದಾಯಿತೆಂದರೆ ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ತಂದು ಅಮ್ಮನ ಹಾಳೆಗಳ ಮೇಲೆ ಇಡುವಳು. ಅಮ್ಮನ ಕಾಗದಗಳಲ್ಲಿ ಅರ್ಧಕ್ಕರ್ಧ ದುಂಡಗಿನ ಕಂದು ಕಲೆ ಹೊತ್ತವು.

“ಅತ್ತೆ, ಇನ್ನೊಂದು ಪ್ಯಾರಾ ಇದೆ. ಐದು ನಿಮಿಷ.”

“ಹಸಿವು ನಿನ್ನ ಪ್ಯಾರಾ ಕೇಳ್ಕೊಂಡು ಬರಲ್ಲ ಕಣೇ.”

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಬೆಳಿಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆ ಗ್ರೀಸ್ ವಾಸನೆಯೊಂದಿಗೆ ಬರುವನು, ಬಂದವನು ಯಾರ ಪರವೂ ಇಲ್ಲ. ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಪಾತ್ರೆ ತೊಳೆಯುವುದು, ಕಣ್ಣು ಮಂಜಾದ ಅಜ್ಜಿಗೆ ಪೇಪರ್ ಓದಿ ಹೇಳುವುದು, ಊಟವಾದ ಮೇಲೆ ಅವಳ ಬಲಗಾಲಿನ ಕೀಲಿಗೆ ನೋವಿನ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸ. ಆ ಕೀಲು ಒಳಕ್ಕೆ ತಿರುಚಿಕೊಂಡಿದೆ. ಅಜ್ಜಿ ನಡೆದರೆ ಒಂದು ಹೆಜ್ಜೆ ಕೇಳುತ್ತದೆ, ಇನ್ನೊಂದು ಉಜ್ಜುತ್ತದೆ.

ಆ ವಾರ ಪತ್ರಿಕೆಯೊಂದರ ಪುರವಣಿಯ ಸಂಪಾದಕರು ಅಮ್ಮನಿಗೆ ದೊಡ್ಡ ಕೆಲಸ ಕೊಟ್ಟಿದ್ದರು. ಹಿಂದಿನ ತಿಂಗಳು ಹಿರಿಯ ಶಿಲ್ಪಿಯೊಬ್ಬರು ತೀರಿಕೊಂಡಾಗ ಬೇರೊಂದು ಪತ್ರಿಕೆಯಲ್ಲಿ ಮುಕ್ಕಾಲು ಪುಟ ಬಂದಿತ್ತು, ಇವರದರಲ್ಲಿ ನಾಲ್ಕು ಸಾಲು. ಅದಕ್ಕೆ ಈಗ ಎಪ್ಪತ್ತೈದು ಮುಟ್ಟಿದ ಹನ್ನೆರಡು ಮಂದಿ ಕಲಾವಿದರ ಶ್ರದ್ಧಾಂಜಲಿಯನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕಂತೆ. ಕಚೇರಿಯಲ್ಲಿ ಅದಕ್ಕೆ ‘ಕಪಾಟಿನ ಬರಹ’ ಎನ್ನುತ್ತಾರೆ. ಬರೆದು ಕಪಾಟಿಗೆ ಹಾಕುವುದು, ಆಸಾಮಿ ಹೋದ ದಿನ ತೆಗೆಯುವುದು. ಚೆನ್ನಾಗಿ ಬಂದರೆ ಅಮ್ಮನಿಗೆ ಪ್ರತಿ ಭಾನುವಾರ ಒಂದು ಅಂಕಣ, ಹೆಸರು ಮತ್ತು ಫೋಟೋ ಸಮೇತ.

ಅಮ್ಮ ಆ ಪಟ್ಟಿಯನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿದಳು. ಅವಳು ಹೊರಗೆ ಹೋಗಿದ್ದಾಗ ಅಜ್ಜಿ ಕೋಲಿನ ತುದಿಯಿಂದ ಅದನ್ನು ತೋರಿಸಿದಳು.

“ಏನದು? ಓದು.”

ಓದಬಾರದಿತ್ತು. ಓದಿದೆ.

“ಹೋಗೋರ ಪಟ್ಟಿಯಾ? ಟಿಕೆಟ್ ಮುಂಚೆನೇ ಕಾಯ್ದಿರಿಸಿದ್ದಾರೆ ಅನ್ನು.” ಅಜ್ಜಿ ಒಂದೊಂದು ಹೆಸರಿಗೂ ನಗುತ್ತಿದ್ದಳು. ಇವನು ಮಾತು ಮರೆಯುತ್ತಿದ್ದವನು, ಅವನು ಮೇಕಪ್ಪಿನವಳನ್ನು ಓಡಿಸಿಕೊಂಡು ಹೋದವನು. ಏಳನೆಯ ಹೆಸರಿಗೆ ನಗು ನಿಂತಿತು. ಅದು ಅಜ್ಜಿಯ ತಂಡದಲ್ಲೇ ಇದ್ದ ನಟಿ, ಅಜ್ಜಿಗಿಂತ ನಾಲ್ಕು ವರ್ಷ ಚಿಕ್ಕವಳು. ತಂಡದವರು ಅವಳನ್ನು ಗೊಂಬೆ ಅಂತ ಕರೆಯುತ್ತಿದ್ದರು.

“ಗೊಂಬೆನಾ? ನನ್ನ ಸೀರೆ ಇಸ್ತ್ರಿ ಮಾಡಿಕೊಡ್ತಿದ್ದೋಳು ಅವಳು.” ಕೋಲನ್ನು ನೆಲಕ್ಕೆ ಊರಿದಳು. “ಸರಿ, ಮುಂದೆ ಓದು.”

ಹನ್ನೆರಡೂ ಓದಿದೆ.

“ಆಮೇಲೆ?”

“ಅಷ್ಟೇ ಅಜ್ಜಿ.”

ಅಂದಿನಿಂದ ಅಜ್ಜಿ ತಟ್ಟೆಯನ್ನು ಮಂಚಕ್ಕೆ ತರಿಸಿಕೊಂಡಳು. ಮೂರು ದಿನ ಅರ್ಧ ತಿಂದು ಬಿಟ್ಟಳು. ಅಮ್ಮ ಹತ್ತಿರ ಹೋದರೆ ಗೋಡೆಗೆ ತಿರುಗುವಳು. ನಾಲ್ಕನೆಯ ದಿನ ಸಂಜೆ ಊಟದ ಹೊತ್ತಿಗೆ ಅಪ್ಪನಿಗೆ ಸಾಕಾಯಿತು. ಬ್ರೆಡ್ಡು ಮುರಿಯುತ್ತಾ, ಕೋಣೆಯ ಕಡೆಗೆ ಕೇಳುವಂತೆ ಹೇಳಿದ:

“ಅಮ್ಮ, ಸುಮ್ಮನೆ ಮುನಿಸಿಕೊಂಡಿದ್ದೀಯ. ಹದಿಮೂರನೇದು ನಿಂದೇ. ಮನೆಯವರ ಹೆಸರು ಗೋಡೆ ಮೇಲೆ ಯಾಕೆ ಅಂತ ಇವಳು ಬರೆದಿಲ್ಲ ಅಷ್ಟೇ.”

ಅಮ್ಮನ ಚಮಚ ತಟ್ಟೆಯ ಮೇಲೇ ನಿಂತಿತು. ಒಳಗೆ ಮಂಚ ಕಿರುಗುಟ್ಟಿತು. ಒಂದು ಹೆಜ್ಜೆ, ಒಂದು ಉಜ್ಜು. ಅಜ್ಜಿ ಬಾಗಿಲಿಗೆ ಬಂದು ಅಮ್ಮನನ್ನೇ ನೋಡಿದಳು.

“ಹೌದಾ?”

“ಹೌದು ಅತ್ತೆ,” ಅಂದಳು ಅಮ್ಮ.

ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಅಪ್ಪನ ಮೇಲೆ ಮುಗಿಬಿದ್ದಳು. ನಾನು ನಲ್ಲಿ ಸಣ್ಣಗೆ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ.

“ನೀವು ಬಾಯಿ ಬಿಟ್ಟರೆ ನಾನು ಕೈ ನೋಯಿಸಿಕೋಬೇಕಾ? ಹದಿಮೂರನೇದು ಯಾರು ಕೇಳಿದ್ದಾರೆ? ಯಾರು ಅಚ್ಚು ಹಾಕ್ತಾರೆ?”

“ಬರೀಬೇಡ. ಬರೀತಿರೋ ಹಾಗೆ ಇರು.”

“ಆಮೇಲೆ ಬರಲಿಲ್ಲ ಅಂತ ಕೇಳಿದ್ರೆ?”

ಅಪ್ಪ ಟವೆಲ್ಲಿನಲ್ಲಿ ಬೆರಳು ಒರೆಸಿಕೊಂಡ. “ಅದು ಬರಬೇಕಾದ ದಿನ ಅವಳೇ ಇರಲ್ವಲ್ಲ ಕಣೇ. ಎದ್ದು ಬಂದು ಕೇಳ್ತಾಳಾ?”

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳು. ಅಪ್ಪನೂ ನಕ್ಕ. ಬಹಳ ದಿನಗಳ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ.

ಹಾಗಂತ ಅಮ್ಮ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಮರುದಿನ ಸಂಪಾದಕರಿಗೆ ಫೋನ್ ಮಾಡಿ ಅಜ್ಜಿಯ ಹೆಸರು ಹೇಳಿದಳು. “ಯಾರು? ಅವರು ಇನ್ನೂ ಇದ್ದಾರಾ?” ಅಂದರಂತೆ. “ಬೇಡ ಬಿಡಿ, ಈಗಿನವರಿಗೆ ಗೊತ್ತಾಗಲ್ಲ.” ಅತ್ತೆ ಅಂತ ಅಮ್ಮ ಹೇಳಿಕೊಳ್ಳಲಿಲ್ಲ.

ಮುಂದಿನ ಮೂರು ವಾರ ನಮ್ಮ ಮನೆ ಬೇರೆಯೇ ಮನೆಯಾಗಿತ್ತು. ಒಂದು ಗಂಟೆಗೆ ಪಾತ್ರೆ ಮೇಜಿಗೆ ಬರಲಿಲ್ಲ. ಅಜ್ಜಿ ಬಟಾಣಿ ಸುಲಿದುಕೊಟ್ಟಳು, ಗಟ್ಟಿಯಾಗಿ ಕೆಮ್ಮುವುದನ್ನೂ ಬಿಟ್ಟಳು. ಅಪ್ಪ ಜೋರಾಗಿ ಮಾತಾಡಿದರೆ, “ಸುಮ್ಮನಿರೋ, ಅವಳು ಬರೀತಿದ್ದಾಳೆ,” ಅನ್ನುವಳು. ಎರಡು ಮೊಟ್ಟೆ ಬೇಯಿಸಿದರೆ ದೊಡ್ಡದು ಅಮ್ಮನ ತಟ್ಟೆಗೆ. ಅಮ್ಮ ಬೇಡ ಅನ್ನಲಿಲ್ಲ.

ಮೂರು ಗಂಟೆಗೆ ಅಜ್ಜಿ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮೇಜಿನ ಮುಂದೆ ಬಂದು ಕೂರುವಳು. ಅಮ್ಮನಿಗೆ ಬೇರೆ ಹನ್ನೆರಡರ ಕೆಲಸವಿತ್ತು. ಅದಕ್ಕೆ ನನ್ನನ್ನು ನೋಟ್‌ಬುಕ್ ಕೊಟ್ಟು ಕೂರಿಸಿದಳು. “ನೀನು ಬರ್ಕೋ. ನಾನು ಆಮೇಲೆ ನೋಡ್ತೀನಿ,” ಅಂದಳು. ನಾನು ಬರೆದುಕೊಂಡೆ.

“ಪೇಪರಿನವರು ಜಾಗ ಸಾಲದಿದ್ರೆ ಏನು ಮಾಡ್ತಾರೆ?” ಅಂತ ಅಜ್ಜಿ ಒಂದು ದಿನ ಕೇಳಿದಳು.

“ಕೆಳಗಿಂದ ಕತ್ತರಿಸ್ತಾರೆ ಅತ್ತೆ. ಕೊನೇ ಪ್ಯಾರಾ ಯಾವಾಗಲೂ ಹೋಗುತ್ತೆ.”

“ನನ್ನದರಲ್ಲಿ ಕೊನೇ ಪ್ಯಾರಾ ಯಾವುದು?”

“ನಿಮಗೆ ಮಗ, ಸೊಸೆ, ಮೊಮ್ಮಗಳು ಇದ್ದಾರೆ ಅನ್ನೋದು.”

“ಅದಾದರೆ ಹೋಗ್ಲಿ ಬಿಡು,” ಅಂದಳು ಅಜ್ಜಿ.

ಮೆಟ್ಟಿಲಿನ ಕಥೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಮನೆಯಲ್ಲಿ ಎಲ್ಲರೂ ಚೂರುಚೂರು ಕೇಳಿದ್ದು, ಪೂರ್ತಿ ಕೇಳಿದ್ದು ನಾನೇ ಮೊದಲು. ನಾಟಕದ ಕೊನೆಯ ದೃಶ್ಯ. ರಂಗದ ಮೇಲೆ ಮರದ ಮೆಟ್ಟಿಲು ಕಟ್ಟಿದ್ದರು. ಅಜ್ಜಿ ಇಳಿದು ಬರುವಾಗ ಮೂರನೆಯ ಮೆಟ್ಟಿಲು ಮುರಿದು ಬಲಗಾಲು ಒಳಗೆ ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿತಂತೆ. ಕಾಲು ಎಳೆದುಕೊಂಡು ನೆಲಕ್ಕೆ ಕೂತಳು. ಎದುರಿನ ನಟ ನಿಂತೇ ಮಾತಾಡಬೇಕಿದ್ದವನು ಗಾಬರಿಯಾಗಿ ನಿಂತ. ಅಜ್ಜಿ ಅವನ ಕೈ ಹಿಡಿದು ಕೆಳಕ್ಕೆ ಎಳೆದು ತನ್ನ ಪಕ್ಕ ಕೂರಿಸಿಕೊಂಡು, ಇಡೀ ದೃಶ್ಯವನ್ನು, ಹನ್ನೊಂದು ನಿಮಿಷ, ನೆಲದ ಮೇಲೆ ಕೂತೇ ಆಡಿದಳು. ಜನ ಅದು ನಾಟಕದಲ್ಲೇ ಇದೆ ಅಂದುಕೊಂಡರು.

“ಮುಂದೆ ಆ ಸೀನನ್ನ ಹಾಗೇ ಕೂತೇ ಆಡಿದ್ರು. ಆಡಿದ್ದು ಗೊಂಬೆ. ನಾನು ಆಸ್ಪತ್ರೇಲಿದ್ದೆ. ಆಮೇಲೆ ಈ ಕಾಲಿಗೆ ಪಾತ್ರ ಯಾರು ಕೊಡ್ತಾರೆ?” ಅಜ್ಜಿ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟಳು. “ಬರ್ಕೊಂಡ್ಯಾ? ಇದನ್ನ ಮೊದಲನೇ ಪ್ಯಾರಾದಲ್ಲಿ ಹಾಕೋಕೆ ಹೇಳು.”

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಗೊಂಬೆ ಹೋಗಿದ್ದಳು. ಪಟ್ಟಿಯಲ್ಲಿ ಮೊದಲು ಹೋದವಳು ಅವಳೇ. ಅಮ್ಮ ಬರೆದಿಟ್ಟದ್ದನ್ನು ಕಳಿಸಿದಳು. ಹನ್ನೆರಡಕ್ಕೆ ಸಂಪಾದಕರು ಮತ್ತೆ ಮಾಡಿದರು. ಫೋನ್ ಸ್ಪೀಕರಿನಲ್ಲಿತ್ತು.

“ಇದೇನ್ರೀ, ನೌಕರಿಗೆ ಅರ್ಜಿ ಹಾಕಿದ ಹಾಗಿದೆ. ಹುಟ್ಟಿದ್ದು, ಆಡಿದ್ದು, ಪ್ರಶಸ್ತಿ. ಒಂದು ದೃಶ್ಯ ಬೇಕು, ಓದಿದವರಿಗೆ ತುತ್ತು ಇಳೀಬಾರದು. ಅರ್ಧ ಪುಟ ಇಟ್ಟಿದ್ದೀನಿ. ನಲವತ್ತು ನಿಮಿಷ. ಆಗದಿದ್ರೆ ಹೇಳಿ, ಬೇರೆಯವರಿದ್ದಾರೆ.”

ಅಮ್ಮ ಗೊಂಬೆಯ ಮನೆಯವರಿಗೆ ಎರಡು ಸಲ ಮಾಡಿದಳು. ಯಾರೂ ಎತ್ತಲಿಲ್ಲ. ಗಡಿಯಾರ ನೋಡಿದಳು. ಆಮೇಲೆ ನನ್ನ ಕಡೆಗೆ ಕೈ ಚಾಚಿದಳು.

“ನೋಟ್‌ಬುಕ್ ಕೊಡು. ಮೆಟ್ಟಿಲಿಂದು ಯಾವ ಪುಟ?”

“ಅಮ್ಮ, ಅದು…”

“ಪುಟ ಕೇಳಿದೆ.”

ತೆಗೆದುಕೊಟ್ಟೆ. ಅವಳು ಬರೆಯುತ್ತಾ ಹೋದಳು, ನಾನು ಪಕ್ಕದಲ್ಲಿ ನಿಂತು ನೋಡಿದೆ. ಬಲಗಾಲು ಅಂತಿದ್ದುದನ್ನು ಎಡಗಾಲು ಮಾಡಿದಳು. “ಹೇಗೂ ನಿನ್ನಜ್ಜಿದು ಎಲ್ಲೂ ಬರಲ್ಲ,” ಅಂದಳು ನನ್ನ ಮುಖ ನೋಡದೆ. “ಇಲ್ಲಿ ಕೊಳೀಬೇಕಿತ್ತು, ಅಲ್ಲಿ ಅಚ್ಚಾಗುತ್ತೆ.”

ಒಳಗಿನಿಂದ ಅಜ್ಜಿ ಕೂಗಿದಳು. “ಪಾಪ, ಗೊಂಬೆ. ಎಷ್ಟು ಜಾಗ ಕೊಟ್ಟಿದ್ದಾರಂತೆ?”

“ಅರ್ಧ ಪುಟ ಅತ್ತೆ.”

“ನನಗಿಂತ ಜಾಸ್ತಿ ಬೇಡ ಅಂತ ಹೇಳು.”

ಮರುದಿನ ತಿಂಡಿಯ ಹೊತ್ತಿಗೆ ಅಜ್ಜಿಗೆ ನಾನೇ ಓದಿದೆ. ಮೆಟ್ಟಿಲಿನ ಪ್ಯಾರಾ ಬಂದಾಗ ಹಾರಿಸಿ ಮುಂದಿನದಕ್ಕೆ ಹೋದೆ. ಅಷ್ಟರಲ್ಲಿ ಅಪ್ಪ ಬಚ್ಚಲಿನಿಂದ ತಲೆ ಒರೆಸಿಕೊಳ್ಳುತ್ತಾ ಬಂದು ಪೇಪರ್ ಕಿತ್ತುಕೊಂಡ. “ನಮ್ಮನೆಯವಳ ಹೆಸರು ಎಷ್ಟು ದಪ್ಪಗೆ ಹಾಕಿದ್ದಾರೆ ನೋಡು,” ಅಂತ ಮಧ್ಯದಿಂದ ಗಟ್ಟಿಯಾಗಿ ಓದಲು ಶುರುಮಾಡಿದ. “‘ಮೂರನೆಯ ಮೆಟ್ಟಿಲು ಮುರಿದು ಅವರ ಎಡಗಾಲು ಒಳಗೆ ಸಿಕ್ಕಿಕೊಂಡಿತು. ಸಭಾಂಗಣದಲ್ಲಿ ಯಾರಿಗೂ ತಿಳಿಯಲಿಲ್ಲ. ಎದುರಿನ ನಟ…’” ಅವನ ದನಿ ನಿಧಾನವಾಯಿತು.

ಅಜ್ಜಿ ಲೋಟ ಕೆಳಗಿಟ್ಟಳು. “‘ಅವನ ಕೈ ಹಿಡಿದು ಕೆಳಕ್ಕೆ ಎಳೆದು ಪಕ್ಕ ಕೂರಿಸಿಕೊಂಡರು.’ ಹಾಗೇ ಇದೆಯಾ?”

ಅಪ್ಪ ಪೇಪರ್ ಮಡಿಸತೊಡಗಿದ.

“ಹಾಗೇ ಇದೆಯಾ ಅಂದೆ.”

“ಇದೆ ಅಮ್ಮ.”

“ಅತ್ತೆ, ಸಮಯ ಇರಲಿಲ್ಲ,” ಅಂದಳು ಅಮ್ಮ. “ಅವಳ ಹತ್ರ ಒಂದು ಕಥೆನೂ ಇರಲಿಲ್ಲ. ನಿಮ್ಮ ಹತ್ರ ಎಷ್ಟೊಂದಿದೆ. ನಿಮ್ಮದರಲ್ಲಿ ಬೇರೆ ಹಾಕೋಣ.”

“ಬೇರೆ ಕಾಲು ಹಾಕ್ತೀಯಾ?”

“ಹಾಗಲ್ಲ…”

“ಅವಳು ಸಾಯೋವರೆಗೂ ಜಿಂಕೆ ಹಾಗೆ ನಡೆದ್ಲು. ಇದನ್ನ ನಲವತ್ತಾರು ವರ್ಷದಿಂದ ಎಳೆಯೋಳು ನಾನು. ಅನ್ನ ಹಾಕಿದ ಕೈಯನ್ನೇ ನನ್ನ ಜೇಬಿಗೂ ಹಾಕಿದೆಯಲ್ಲೇ.”

“ಯಾರು ಯಾರಿಗೆ ಅನ್ನ ಹಾಕ್ತಿದ್ದಾರೆ ಅಂತ ಲೆಕ್ಕ ಬೇಡ ಅತ್ತೆ, ಬೆಳಿಗ್ಗೆ ಬೆಳಿಗ್ಗೆ,” ಅಂದಳು ಅಮ್ಮ. ಅಪ್ಪ ಡಬ್ಬಿ ಕೂಡ ತೆಗೆದುಕೊಳ್ಳದೆ ಕೆಲಸಕ್ಕೆ ಹೋದ.

ಅಮ್ಮ ಮಧ್ಯಾಹ್ನ ಒಂದು ಚಿತ್ರಪ್ರದರ್ಶನಕ್ಕೆ ಹೊರಟಳು. ಬಾಗಿಲು ಹಾಕಿದ ಮೇಲೆ ಅಜ್ಜಿ ಅಂದಳು, “ಪೇಪರಿನವನಿಗೆ ಫೋನ್ ಹಚ್ಚು.”

“ಅಜ್ಜಿ, ಅಮ್ಮನ ಕೆಲಸ ಹೋಗುತ್ತೆ.”

“ಹೋಗ್ಲಿ.”

ಹಚ್ಚಿ ಸ್ಪೀಕರಿಗೆ ಹಾಕಿದೆ. ಸಂಪಾದಕರ ದನಿ ಅವಸರದಲ್ಲಿತ್ತು. ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ತನ್ನ ಹೆಸರು ಹೇಳಿದಳು.

“ಯಾರು ಅಂದ್ರಿ?”

“ನಿಮ್ಮ ಕಪಾಟಿನಲ್ಲಿ ಇದ್ದೀನಲ್ಲ. ಹದಿಮೂರನೆಯವಳು.”

“ಇಲ್ಲಮ್ಮ, ನಮ್ಮ ಪಟ್ಟೀಲಿ ಇರೋದೇ ಹನ್ನೆರಡು. ಈಗ ಹನ್ನೊಂದು.” ಅವರು ನಕ್ಕರು. “ಏನಾಗಬೇಕಿತ್ತು? ಇವತ್ತಿನದರಲ್ಲಿ ಏನಾದ್ರೂ ತಪ್ಪಾಗಿದೆಯಾ?”

ಅಜ್ಜಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಹಲೋ? ಇದ್ದೀರಾ?”

“ಇದ್ದೀನಿ,” ಅಂದಳು ಅಜ್ಜಿ. ಅವಳ ಕೈ ಬಲಗಾಲಿನ ಕೀಲಿನ ಮೇಲಿತ್ತು. “ತಪ್ಪೇನಿಲ್ಲ. ಆ ಮೆಟ್ಟಿಲಿನ ವಿಷಯ ಸರಿಯಾಗಿದೆ. ಅವತ್ತು ನಾನೂ ಅಲ್ಲೇ ಇದ್ದೆ.”

ಆ ಕಡೆಯ ಅವಸರ ತಟ್ಟನೆ ಹೋಯಿತು. “ಕಣ್ಣಾರೆ ನೋಡಿದ್ದೀರಾ? ಅಯ್ಯೋ, ನಿಮ್ಮನ್ನೇ ಹುಡುಕ್ತಿದ್ದ ಹಾಗಾಯ್ತು. ಆ ಪ್ಯಾರಾ ಬಗ್ಗೆನೇ ಎಲ್ಲರೂ ಮಾತಾಡ್ತಿದ್ದಾರೆ. ಮುಂದಿನ ಶನಿವಾರ ಸಂಜೆ ಅವರ ನೆನಪಿಗೆ ಸಭೆ ಇದೆ. ಬಂದು ಎರಡು ಮಾತಾಡ್ತೀರಾ? ವರದಿ ಬರುತ್ತೆ, ಫೋಟೋ ಬರುತ್ತೆ.”

“ನನ್ನ ಹೆಸರು ಬರುತ್ತಾ?”

“ಖಂಡಿತ ಬರುತ್ತೆ.”

ಫೋನ್ ಇಟ್ಟ ಮೇಲೆ ಅಜ್ಜಿ ಬಹಳ ಹೊತ್ತು ಗೋಡೆಯ ಪಟ್ಟಿ ನೋಡುತ್ತಾ ಕೂತಳು. ಅವಳಿಗೆ ಅದನ್ನು ಓದುವಷ್ಟು ಕಣ್ಣು ಕಾಣುವುದಿಲ್ಲ.

“ಹನ್ನೆರಡೇ ಅಂತ ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು.”

“ಬರ್ಕೊಂಡೆಯಲ್ಲೇ, ಮೂರು ವಾರ. ಪೆನ್ನಿನ ಇಂಕಾದ್ರೂ ಉಳಿಸಬಹುದಿತ್ತು.”

ಸಂಜೆ ಅಪ್ಪ ಬಂದಾಗ ಅಜ್ಜಿ ಮೇಜಿನ ಮುಂದೆಯೇ ಇದ್ದಳು. “ನಾನು ಸತ್ತ ಮೇಲೆ ಓದೋಕೆ ಬರಲ್ಲ ಅಂತ ತಾನೇ?” ಅಂದಳು. “ಲೆಕ್ಕಾಚಾರ ಚೆನ್ನಾಗಿತ್ತು ಕಣೋ. ನಿಮ್ಮಪ್ಪನಿಗೂ ಇಷ್ಟು ಬುದ್ಧಿ ಇರಲಿಲ್ಲ.” ಅಪ್ಪ ಕೈ ತೊಳೆಯಲು ಹೋದವನು ನಲ್ಲಿ ನಿಲ್ಲಿಸಲೇ ಇಲ್ಲ.

ಅಮ್ಮ ಮಾತ್ರ ನಗುತ್ತಾ ಬಂದಳು. ದಾರಿಯಲ್ಲೇ ಅವಳಿಗೆ ಸಂಪಾದಕರ ಫೋನ್ ಬಂದಿತ್ತು. ಸಾಕ್ಷಿಯೂ ಸಿಕ್ಕಿದ್ದಾರೆ, ಅಂಕಣ ಮುಂದಿನ ತಿಂಗಳಿನಿಂದ. ಸಾಕ್ಷಿ ಯಾರೆಂದು ಕೇಳಿ ಅವಳು ಬಸ್ಸಿನಲ್ಲಿ ಎದ್ದೇ ನಿಂತಳಂತೆ. ಅಜ್ಜಿಯ ಮುಂದೆ ಕೂತು ಅವಳು ಮೊದಲು ಆಡಿದ ಮಾತು ಇದು: “ಸಭೇಲಿ ಎಡಗಾಲು ಅಂತ ಹೇಳಬೇಕು ಅತ್ತೆ. ನೆನಪಿರಲಿ.”

“ಬಲಗಾಲು.”

“ಬಲಗಾಲು ನಿಮ್ಮದು. ಅಚ್ಚಾಗಿರೋದು ಎಡಗಾಲು.”

ಅಜ್ಜಿ ತಲೆ ಆಡಿಸಿದಳು. ಆ ವಾರವೆಲ್ಲ ಅವರಿಬ್ಬರೂ ಮೇಜಿನ ಎರಡು ಬದಿಗೆ ಕೂತು ತಾಲೀಮು ನಡೆಸಿದರು. ‘ನಾನು’ ಅಂತ ಬಂದಲ್ಲೆಲ್ಲ ಅಮ್ಮ ಪೆನ್ಸಿಲಿನಿಂದ ಮೇಜು ಕುಟ್ಟುವಳು. “ಅವಳು,” ಅಂತ ಅಜ್ಜಿ ತಿದ್ದಿಕೊಳ್ಳುವಳು.

ಶನಿವಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾನು, ಅಪ್ಪ ಮೂರು ಮಹಡಿ ಇಳಿಸಿದೆವು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. “ಊರೋರನ್ನೆಲ್ಲ ಮೇಲಕ್ಕೆ ಕಳಿಸ್ತೀಯ. ನನ್ನನ್ನು ಮಾತ್ರ ಹೀಗೆ ಹೊತ್ಕೊಂಡು ಕೆಳಗೆ. ಅಭ್ಯಾಸ ಮಾಡ್ಕೊಳ್ತಿದ್ದೀಯಾ?” ಅಂದಳು ಅಜ್ಜಿ. ಅಪ್ಪ ಬೆವರುತ್ತಾ ಇನ್ನೊಂದು ಮೆಟ್ಟಿಲು ಇಳಿದ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಗೊಂಬೆಯ ದೊಡ್ಡ ಫೋಟೋ. ಅಜ್ಜಿ ಮೈಕು ತೆಗೆದುಕೊಂಡಳು. ಮೆಟ್ಟಿಲು ಮುರಿದದ್ದನ್ನು ಅವಳು ಹೇಳಿದ ರೀತಿಗೆ ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಕಾಲನ್ನು ಒಳಗೆ ಎಳೆದುಕೊಂಡಳು. ಎಡಗಾಲು ಅಂದಳು, ಅವಳು ಅಂದಳು, ಎಲ್ಲೂ ತಪ್ಪಲಿಲ್ಲ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಜ್ಜಿ ಹಳೆಯ ಅಭ್ಯಾಸದಂತೆ ಎದೆಗೆ ಕೈಯಿಟ್ಟು ಬಾಗಿದಳು, ಆಮೇಲೆ ನೆನಪಾದವಳಂತೆ ಫೋಟೋ ಕಡೆಗೆ ಕೈ ತೋರಿಸಿದಳು.

ವೇದಿಕೆಗೆ ಆರು ಮೆಟ್ಟಿಲು. ಸಂಘಟಕರ ಹುಡುಗಿಯೊಬ್ಬಳು ತೋಳು ಹಿಡಿದು ಇಳಿಸಿದಳು. “ನಿಧಾನ ಅಮ್ಮ. ಕಾಲಿಗೆ ಏನಾಗಿತ್ತು?”

ಅಮ್ಮ ಎರಡು ಹೆಜ್ಜೆ ಆಚೆ, ಕೈಯಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ವರದಿ ಅವಳದೇ.

“ಬಚ್ಚಲಲ್ಲಿ ಜಾರಿ ಬಿದ್ದೆ,” ಅಂದಳು ಅಜ್ಜಿ.

ಸೋಮವಾರ ವರದಿ ಬಂತು. ಅಜ್ಜಿ ಆರು ಗಂಟೆಗೇ ಎದ್ದು ತಲೆ ಬಾಚಿ ಕೂತಿದ್ದಳು. ನಾನು ಓದಿದೆ. ಸಭೆಯ ಅಧ್ಯಕ್ಷರು, ಗೊಂಬೆಯ ಮಗ, ಇಬ್ಬರು ನಿರ್ದೇಶಕರು. ಫೋಟೋದಲ್ಲಿ ಗೊಂಬೆಯ ಫೋಟೋ, ಅದರ ಮುಂದೆ ಒಂದು ಮೈಕು, ಮೈಕು ಹಿಡಿದ ಒಂದು ಮುದಿ ಕೈ.

“ಆಮೇಲೆ?”

ನಾನು ಹಾಳೆ ಮಗುಚಿದೆ. ಆ ಬದಿ ಜಾಹೀರಾತು.

“ಅಷ್ಟೇ ಅಜ್ಜಿ.”

ಅಮ್ಮ ಒಲೆಯ ಮುಂದೆ ಮೊಟ್ಟೆ ಬೇಯಿಸುತ್ತಿದ್ದಳು. ಅಜ್ಜಿ ಅವಳ ಬೆನ್ನಿಗೆ ಕೇಳಿದಳು. “ನನ್ನದು ಬರೆದಿರಲಿಲ್ವಾ?”

“ಬರೆದಿದ್ದೆ ಅತ್ತೆ. ನಿಮ್ಮ ಹೆಸರು, ನೀವು ಹೇಳಿದ್ದು, ಎಲ್ಲ.”

“ಎಲ್ಲಿ ಬರೆದಿದ್ದೆ?”

ಅಮ್ಮ ಒಲೆ ಆರಿಸಿದಳು. ಎರಡು ಮೊಟ್ಟೆ ತೆಗೆದು, ದೊಡ್ಡದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

“ಕೊನೇ ಪ್ಯಾರಾದಲ್ಲಿ,” ಅಂದಳು.

ಆ ದಿನ ಒಂದು ಗಂಟೆಗೆ ಅಜ್ಜಿ ಪಾತ್ರೆ ತಂದು ಮೇಜಿನ ಮೇಲಿಡಲಿಲ್ಲ. ಮೇಜಿನ ಮೇಲೆ ಅಮ್ಮನ ಮೊದಲ ಅಂಕಣದ ಹಾಳೆಗಳು ಹರಡಿಕೊಂಡಿದ್ದವು. ಅಜ್ಜಿ ಮಂಚದ ಮೇಲೆ ತಟ್ಟೆ ತರಿಸಿಕೊಂಡು ಪೂರ್ತಿ ಉಂಡಳು. ತಟ್ಟೆ ತೊಳೆದಿಟ್ಟು ನಾನು ಎಣ್ಣೆಯ ಬಾಟಲಿ ಹಿಡಿದು ಅವಳ ಕಾಲ ಬಳಿ ಕೂತೆ. ಮುಚ್ಚಳ ತೆಗೆಯುವಷ್ಟರಲ್ಲಿ ಅವಳು ಬಲಗಾಲನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

“ಬಿಡು,” ಅಂದಳು. “ಬಚ್ಚಲಲ್ಲಿ ಜಾರಿ ಬಿದ್ದ ಕಾಲಿಗೆ ದಿನಾ ಯಾರು ಎಣ್ಣೆ ಹಚ್ತಾರೆ.”